ಲಾಡ್ಜಿನ ಬಾಗಿಲಲ್ಲೇ ಗಂಟೆಯ ಲೆಕ್ಕ ಬರೆಸಿ

ಸಂಪಾದಕರಿಗೆ,

ಮಾನ್ಯರೇ,

ಚಿಕ್ಕಮಗಳೂರಿನಲ್ಲಿ ರಾತ್ರಿ ಹನ್ನೊಂದರ ಬಸ್ಸು ಹತ್ತಿದವರು ಬೆಳಗಿನ ಜಾವ ನಾಲ್ಕೂವರೆ ಐದರ ಹೊತ್ತಿಗೆ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ಆ ಹೊತ್ತಿಗೆ ಆಸ್ಪತ್ರೆಯ ಚೀಟಿ ಮಾಡಿಸುವ ಕೌಂಟರ್ ತೆರೆದಿರುವುದಿಲ್ಲ, ಚಿಕ್ಕಪೇಟೆಯ ಅಂಗಡಿಗಳ ಬಾಗಿಲು ಎತ್ತಿರುವುದಿಲ್ಲ, ನೆಂಟರ ಮನೆಯ ಕದ ತಟ್ಟಲು ಸಂಕೋಚ. ಸ್ನಾನ ಮಾಡಿ, ಒಂದೆರಡು ಗಂಟೆ ಬೆನ್ನು ಚಾಚಿ, ಬಂದ ಕೆಲಸಕ್ಕೆ ಹೊರಡಲು ಒಂದು ಕೋಣೆ ಬೇಕಾಗುತ್ತದೆ. ಆ ಕೋಣೆಯನ್ನು ಆರಿಸಿಕೊಳ್ಳುವಾಗ ನಮ್ಮ ಜಿಲ್ಲೆಯವರು ಮಾಡುವ ಒಂದು ತಪ್ಪಿನ ಬಗ್ಗೆಯೂ, ಲಾಡ್ಜಿನವರು ಬೇಕೆಂದೇ ಮರೆಮಾಡುವ ಒಂದು ವಿಷಯದ ಬಗ್ಗೆಯೂ ಬರೆಯಬೇಕೆನಿಸಿದ್ದರಿಂದ ಈ ಪತ್ರ.

ನಮ್ಮ ಕಡೆ ಹೋಟೆಲ್ ಎಂದರೆ ಇಡ್ಲಿ ತಿನ್ನುವ ಜಾಗ. ತಂಗುವ ಜಾಗಕ್ಕೆ ಲಾಡ್ಜ್ ಎಂದೇ ಹೆಸರು. ಕಳೆದ ಸಲ ತಮ್ಮನ ಮಗ ಫೋನಿನಲ್ಲಿ ‘ಹೋಟೆಲ್ ಬುಕ್ ಮಾಡಿದ್ದೇನೆ ದೊಡ್ಡಪ್ಪ’ ಎಂದಾಗ ನನ್ನ ಹೆಂಡತಿ ‘ಹಾಗಾದರೆ ಬುತ್ತಿ ಕಟ್ಟುವುದು ಬೇಡವೇ’ ಎಂದು ಕೇಳಿದ್ದಳು. ಆದ್ದರಿಂದ ಈ ಪತ್ರದಲ್ಲಿಯೂ ಲಾಡ್ಜ್ ಎಂಬ ಪದವನ್ನೇ ಬಳಸುತ್ತೇನೆ.

ನಾನು ಊರಿನಲ್ಲಿ ಪುಸ್ತಕ, ನೋಟ್‌ಬುಕ್ಕುಗಳ ಸಣ್ಣ ಅಂಗಡಿ ಇಟ್ಟುಕೊಂಡಿರುವವನು. ಶಾಲೆ ಶುರುವಾಗುವ ಮುನ್ನ ಅವೆನ್ಯೂ ರಸ್ತೆ, ಸುಲ್ತಾನಪೇಟೆಗಳಿಗೆ ಸಗಟು ಖರೀದಿಗೆ ಹೋಗುವುದು ಮೂವತ್ತು ವರ್ಷಗಳಿಂದ ರೂಢಿ. ಅಷ್ಟೂ ವರ್ಷ ಗಾಂಧಿನಗರದ ಒಂದೇ ಲಾಡ್ಜಿನಲ್ಲಿ ಇಳಿದುಕೊಂಡಿದ್ದೇನೆ. ಅಲ್ಲಿ ಕೋಣೆಗೆ ಹೊಕ್ಕ ಗಳಿಗೆಯಿಂದ ಇಪ್ಪತ್ತನಾಲ್ಕು ಗಂಟೆಗೆ ಒಂದು ದಿನದ ಬಾಡಿಗೆ. ಬೆಳಿಗ್ಗೆ ಐದಕ್ಕೆ ಹೋದರೆ ಮಾರನೆಯ ಬೆಳಿಗ್ಗೆ ಐದರವರೆಗೆ ಕೋಣೆ ನಮ್ಮದು. ಎಲ್ಲ ಕಡೆಯೂ ಹೀಗೆಯೇ ಇರುತ್ತದೆ ಎಂದು ನಾನು ತಿಳಿದಿದ್ದೆ.

ಕಳೆದ ವರ್ಷ ತಮ್ಮನಿಗೆ ಹೃದಯದ ರಕ್ತನಾಳದ ಪರೀಕ್ಷೆ ಮಾಡಿಸಬೇಕಾಗಿ ಬಂದಾಗ, ಜೊತೆಗಿರುವ ನಮಗೆಂದು ಅವನ ಮಗ ಆಸ್ಪತ್ರೆಗೆ ಹತ್ತಿರವೆಂದು ಒಂದು ಲಾಡ್ಜನ್ನು ಆ್ಯಪಿನಲ್ಲಿ ಕಾದಿರಿಸಿದ. ಚಿತ್ರಗಳು ಚೆನ್ನಾಗಿದ್ದವು, ಬಾಡಿಗೆ ದಿನಕ್ಕೆ 1,400 ರೂಪಾಯಿ, ಗಾಂಧಿನಗರದ ನನ್ನ ಹಳೆಯ ಲಾಡ್ಜಿಗಿಂತ 400 ರೂಪಾಯಿ ಕಡಿಮೆ. ಮಂಗಳವಾರ ಬೆಳಿಗ್ಗೆ ಐದಕ್ಕೆ ಹೋಗಿ ನಿಂತರೆ, ಕೌಂಟರಿನಲ್ಲಿದ್ದ ಹುಡುಗ ಕೋಣೆ ಸಿಗುವುದು ಮಧ್ಯಾಹ್ನ ಹನ್ನೆರಡಕ್ಕೆ, ಈಗಲೇ ಬೇಕೆಂದರೆ ಹಿಂದಿನ ರಾತ್ರಿಯ ಬಾಡಿಗೆಯನ್ನೂ ಕೊಡಬೇಕು ಎಂದ. ಕೊಟ್ಟೆವು. ಬುಧವಾರ ಹನ್ನೊಂದಕ್ಕೆ ಕೋಣೆ ಬಿಡಬೇಕಿತ್ತು. ಆಸ್ಪತ್ರೆಯಿಂದ ತಮ್ಮನನ್ನು ಬಿಟ್ಟುಕೊಟ್ಟದ್ದು ಸಂಜೆ ನಾಲ್ಕಕ್ಕೆ. ಇನ್ನೊಂದು ದಿನದ ಬಾಡಿಗೆ ಸೇರಿತು. ಹೀಗೆ ಸುಮಾರು 36 ಗಂಟೆಗೆ ಮೂರು ದಿನದ ಲೆಕ್ಕದಲ್ಲಿ 4,200 ರೂಪಾಯಿ ಆಯಿತು. ಇಪ್ಪತ್ತನಾಲ್ಕು ಗಂಟೆಯ ಲೆಕ್ಕವಿರುವ, ದಿನಕ್ಕೆ 1,800 ರೂಪಾಯಿಯ ದುಬಾರಿ ಲಾಡ್ಜಿನಲ್ಲಿಯೇ ಇಳಿದಿದ್ದರೆ ಎರಡು ದಿನದ 3,600 ರೂಪಾಯಿಗೆ ಮುಗಿಯುತ್ತಿತ್ತು. ವ್ಯಾಪಾರ ಮಾಡುವವನಾಗಿಯೂ ಈ ಲೆಕ್ಕವನ್ನು ನಾನು ಮೊದಲೇ ಹಾಕಲಿಲ್ಲವಲ್ಲ ಎಂಬ ನಾಚಿಕೆ ಇನ್ನೂ ಹೋಗಿಲ್ಲ.

ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಲೆಕ್ಕ ಇಡುವುದೇ ಅನ್ಯಾಯವೆಂದು ನಾನು ಹೇಳುವುದಿಲ್ಲ. ಹಾಸಿಗೆ ಬದಲಿಸಿ, ನೆಲ ಒರೆಸಿ, ಮುಂದಿನವರಿಗೆ ಕೋಣೆ ಸಿದ್ಧಮಾಡಲು ಅವರಿಗೂ ಒಂದು ವೇಳೆ ಬೇಕು. ನನ್ನ ತಕರಾರು ಇರುವುದು ಆ ನಿಯಮವನ್ನು ಹೇಳುವ ಸಮಯದ ಬಗ್ಗೆ. ರೋಗಿಯನ್ನು ಜೊತೆಗೆ ಕಟ್ಟಿಕೊಂಡು, ಚೀಲಗಳನ್ನು ಕೆಳಗಿಟ್ಟು, ಇನ್ನೆಲ್ಲಿಗೂ ಹೋಗಲಾರದ ಸ್ಥಿತಿಯಲ್ಲಿ ನಿಂತವನಿಗೆ ಬೆಳಿಗ್ಗೆ ಐದು ಗಂಟೆಗೆ ನಿಯಮ ಹೇಳಿದರೆ ಅವನು ಹೂಂ ಎನ್ನದೆ ಏನು ಮಾಡಿಯಾನು? ಆ್ಯಪಿನಲ್ಲಿ ಅದು ಬರೆದಿರಲಿಲ್ಲವೇ ಎಂದು ಕೇಳಬಹುದು. ಬರೆದಿತ್ತು, ಚಿತ್ರ, ರಿಯಾಯಿತಿ, ಹೊಗಳಿಕೆಗಳನ್ನೆಲ್ಲ ದಾಟಿ ಕೆಳಗೆ, ಸಣ್ಣಕ್ಷರದ ಇಂಗ್ಲಿಷಿನಲ್ಲಿ.

ಇನ್ನು ‘ಹತ್ತಿರ’ ಎಂಬ ಮಾತು. ಅದೇ ಲಾಡ್ಜು ಆಸ್ಪತ್ರೆಯಿಂದ ಎರಡು ಕಿಲೋಮೀಟರ್ ಎಂದು ಆ್ಯಪು ತೋರಿಸಿತ್ತು. ಅದು ಕಾಗೆ ಹಾರುವ ದಾರಿಯ ಲೆಕ್ಕ. ನಡುವೆ ರೈಲು ಹಳಿ, ಅದನ್ನು ದಾಟಲು ಮೇಲ್ಸೇತುವೆ, ಮೇಲ್ಸೇತುವೆ ಇಳಿದ ಮೇಲೆ ಎಲ್ಲೋ ಮುಂದೆ ಹೋಗಿ ತಿರುಗಿ ಬರಬೇಕಾದ ರಸ್ತೆ. ಆಟೋದಲ್ಲಿ ನಾಲ್ಕೂವರೆ ಕಿಲೋಮೀಟರ್ ಆಯಿತು, ಸಂಜೆಯ ಹೊತ್ತಿನಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಬೆಂಗಳೂರಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಕ್ಕಿಂತ ಮೆಟ್ರೊ ನಿಲ್ದಾಣದ ಲೆಕ್ಕದಲ್ಲಿ ಅಳೆಯುವುದೇ ಸರಿ. ಮೆಜೆಸ್ಟಿಕ್‌ನಲ್ಲಿ ನೇರಳೆ ಮತ್ತು ಹಸಿರು ಮಾರ್ಗಗಳು ಸೇರುತ್ತವೆ. ಅಲ್ಲಿಂದ ಹಸಿರು ಮಾರ್ಗದಲ್ಲಿ ಮೊದಲ ನಿಲ್ದಾಣ ಚಿಕ್ಕಪೇಟೆ, ಎರಡನೆಯದು ಕೃಷ್ಣರಾಜೇಂದ್ರ ಮಾರುಕಟ್ಟೆ. ವಿಕ್ಟೋರಿಯಾ ಆಸ್ಪತ್ರೆಗೆ ಇಳಿಯಬೇಕಾದದ್ದು ಇಲ್ಲಿಯೇ. ಅದೇ ಮಾರ್ಗದಲ್ಲಿ ಆರ್.ವಿ. ರಸ್ತೆಯವರೆಗೆ ಹೋಗಿ, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ಎರಡನೆಯ ನಿಲ್ದಾಣವೇ ಜಯದೇವ ಆಸ್ಪತ್ರೆ. ವೈಟ್‌ಫೀಲ್ಡ್ ಕಡೆಯ ಸತ್ಯಸಾಯಿ ಆಸ್ಪತ್ರೆಗೂ ಅದರ ಹೆಸರಿನದೇ ನಿಲ್ದಾಣ ನೇರಳೆ ಮಾರ್ಗದಲ್ಲಿದೆ. ಇಂಥ ಕಡೆಗಳಿಗೆ ಹೋಗುವವರು ಆಸ್ಪತ್ರೆಯ ಅಕ್ಕಪಕ್ಕದ ಗಲ್ಲಿಯಲ್ಲೇ ಕೋಣೆ ಹಿಡಿಯಬೇಕೆಂದಿಲ್ಲ. ನೆಲಮಂಗಲದ ಮೇಲಿಂದ ಬರುವ ನಮ್ಮ ಬಸ್ಸಿನವರಿಗೆ ಮೆಜೆಸ್ಟಿಕ್‌ವರೆಗೂ ಬರುವ ಅಗತ್ಯವೂ ಇಲ್ಲ. ಜಾಲಹಳ್ಳಿ ಕ್ರಾಸ್ ಅಥವಾ ಗೊರಗುಂಟೆಪಾಳ್ಯದಲ್ಲಿಯೇ ಇಳಿದು ಹಸಿರು ಮಾರ್ಗ ಹಿಡಿಯಬಹುದು. ಭಾನುವಾರ ಮಾತ್ರ ಮೆಟ್ರೊ ತಡವಾಗಿ ಏಳುತ್ತದೆ ಎಂಬುದನ್ನು ನೆನಪಿಡಬೇಕು.

ಹೊಸೂರು ರಸ್ತೆಯ ನಿಮ್ಹಾನ್ಸ್ ಮತ್ತು ಕಿದ್ವಾಯಿ ಆಸ್ಪತ್ರೆಗಳ ಮಾತು ಬೇರೆ. ಅಲ್ಲಿಗೆ ಹೋಗುವವರು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯಬೇಕಾಗುತ್ತದೆ. ರೋಗಿಗಳ ಕಡೆಯವರಿಗಾಗಿ ಅಲ್ಲಿ ಧರ್ಮಶಾಲೆಗಳಿವೆ ಎಂಬುದೇ ನಮ್ಮ ಹಳ್ಳಿಗಳ ಕಡೆ ಬಹಳ ಜನರಿಗೆ ತಿಳಿಯದು. ಲಾಡ್ಜು ಹುಡುಕುವ ಮುನ್ನ ಆಸ್ಪತ್ರೆಯ ಸಮಾಜ ಕಾರ್ಯ ವಿಭಾಗದಲ್ಲಿ ಒಮ್ಮೆ ವಿಚಾರಿಸಿದರೆ ನಷ್ಟವೇನೂ ಇಲ್ಲ. ಹಿಂದೆ ಊರಿಂದ ಬಂದವರು ಮೊದಲು ಛತ್ರವನ್ನೇ ವಿಚಾರಿಸುತ್ತಿದ್ದರು. ರೈಲು ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪನವರ ಛತ್ರ 1903ರಷ್ಟು ಹಳೆಯದು. ಸುಬೇದಾರ್ ಛತ್ರ ರಸ್ತೆಯಲ್ಲಿ ಈಗ ಸಾಲು ಸಾಲು ಲಾಡ್ಜುಗಳು. ಛತ್ರ ಉಳಿದಿರುವುದು ರಸ್ತೆಯ ಹೆಸರಿನಲ್ಲಿ.

ಕೋಣೆ ನೋಡದೆ ಹಣ ಕೊಡಬಾರದೆಂದು ಹಿರಿಯರು ಹೇಳುತ್ತಿದ್ದರು. ನಾವು ಕೋಣೆ ನೋಡುವುದೆಂದರೆ ಹಾಸಿಗೆಯ ಹೊದಿಕೆ ಬಿಳಿಯಾಗಿದೆಯೇ, ನಲ್ಲಿಯಲ್ಲಿ ಬಿಸಿನೀರು ಬರುತ್ತದೆಯೇ, ಟಿ.ವಿ. ಇದೆಯೇ ಎಂದು ನೋಡುವುದು. ಸ್ವಲ್ಪ ಜಾಣರು ಹಾಸಿಗೆಯ ಹೊಲಿಗೆಯಂಚಿಗೆ ಮೊಬೈಲಿನ ಬೆಳಕು ಹಿಡಿದು ತಿಗಣೆ ಹುಡುಕುತ್ತಾರೆ. ನಾನೂ ಅಷ್ಟೇ ಮಾಡುತ್ತಿದ್ದವನು. ಆದರೆ 2019ರ ಫೆಬ್ರುವರಿ 12ರಂದು ದೆಹಲಿಯ ಕರೋಲ್ ಬಾಗ್‌ನ ಒಂದು ವಸತಿಗೃಹಕ್ಕೆ ಬೆಳಗಿನ ಜಾವ ಬೆಂಕಿ ಬಿದ್ದು 17 ಜನ ಸತ್ತರು. 2025ರ ಏಪ್ರಿಲ್ 29ರ ರಾತ್ರಿ ಕೋಲ್ಕತ್ತದ ಬಡಾಬಜಾರ್ ಪ್ರದೇಶದ ಇನ್ನೊಂದು ವಸತಿಗೃಹದಲ್ಲಿ 14 ಜನ ಸತ್ತರು. ಇಂಥ ಕಡೆ ಜನರನ್ನು ಕೊಲ್ಲುವುದು ಹೆಚ್ಚಾಗಿ ಉರಿಯಲ್ಲ, ಹೊಗೆ. ಎರಡೂ ಮೆಜೆಸ್ಟಿಕ್‌ನಂತೆಯೇ ಕಿಕ್ಕಿರಿದ ವ್ಯಾಪಾರದ ಪೇಟೆಗಳು. ಅಲ್ಲಿ ತಂಗುವವರೂ ನಮ್ಮಂತೆ ಕೆಲಸಕ್ಕೆಂದು ಪರಊರಿಂದ ಬಂದವರೇ. ಆ ಸುದ್ದಿ ಓದಿದ ಮೇಲೆ ಕೋಣೆಗೆ ಹೋದೊಡನೆ ಕಿಟಕಿ ತೆರೆದು ನೋಡುವುದನ್ನು ಕಲಿತಿದ್ದೇನೆ. ತೆರೆದರೆ ಒಂದು ಗೇಣಿನಾಚೆ ಪಕ್ಕದ ಕಟ್ಟಡದ ಗೋಡೆ ಕಾಣುವ ಕಿಟಕಿಯಾದರೆ, ಅಥವಾ ಎ.ಸಿ. ಕೂರಿಸಲೆಂದು ಮುಚ್ಚಿಬಿಟ್ಟ ಕಿಟಕಿಯಾದರೆ, ಬೇರೆ ಕೋಣೆ ಕೇಳುತ್ತೇನೆ. ಎರಡನೆಯ ಮೆಟ್ಟಿಲು ಎಲ್ಲಿದೆ, ಅದರ ಬಾಗಿಲಿಗೆ ಬೀಗ ಹಾಕಿದೆಯೇ, ಅಲ್ಲಿ ಹಳೆಯ ಹಾಸಿಗೆಗಳನ್ನೂ ನೀರಿನ ಕ್ಯಾನುಗಳನ್ನೂ ಪೇರಿಸಿಟ್ಟಿದ್ದಾರೆಯೇ ಎಂದು ಒಮ್ಮೆ ನಡೆದು ನೋಡಿಬರುತ್ತೇನೆ. ರೂಂ ಬಾಯ್‌ಗಳು ನನ್ನನ್ನು ಸರ್ಕಾರದ ಇನ್‌ಸ್ಪೆಕ್ಟರ್ ಎಂದು ಭಾವಿಸಿದ್ದೂ ಉಂಟು. ಆ ದಿನ ಬಿಸಿನೀರು ಬೇಗ ಬಂತು.

ಬಿಸಿನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಗಾಳಿಯಾಡದ ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಇಟ್ಟಿದ್ದರೆ ಆ ಕೋಣೆ ಎಷ್ಟು ಅಗ್ಗವಾದರೂ ಬೇಡ. ಗಾಳಿ ಸಾಲದೆ ಉರಿಯುವ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಬರದ ಸುದ್ದಿಗಳನ್ನು ತಮ್ಮಂಥ ಪತ್ರಿಕೆಗಳಲ್ಲೇ ಓದಿದ್ದೇವೆ. ಲಿಫ್ಟ್ ಇದೆಯೇ ಎಂದು ಕೇಳುವವರು ಇಂದು ಅದು ಓಡುತ್ತಿದೆಯೇ ಎಂದೂ ಕೇಳಬೇಕು. ನಮಗೆ ‘ಇದೆ’ ಎಂದೇ ಹೇಳಿದ್ದರು. ಇತ್ತು ಕೂಡ, ‘ರಿಪೇರಿಯಲ್ಲಿದೆ’ ಎಂಬ ಚೀಟಿಯೊಂದಿಗೆ. ಹೊರಡುವ ದಿನ ಔಷಧಿ ತೆಗೆದುಕೊಳ್ಳುವ ಹೊತ್ತಾಗಿದ್ದರಿಂದ ತಮ್ಮ ಮೂರು ಮಹಡಿ ಹತ್ತಿದ, ಮಹಡಿಗೊಮ್ಮೆ ಕುಳಿತು.

ಹೆಣ್ಣುಮಕ್ಕಳು ಒಬ್ಬರೇ ಹೋದಾಗಿನ ಕಷ್ಟ ಬೇರೆಯದೇ. ನನ್ನ ತಂಗಿಯ ಮಗಳು ಉದ್ಯೋಗದ ಪರೀಕ್ಷೆಗೆಂದು ಹೋಗಿದ್ದಾಗ, ಹಣ ಕೊಟ್ಟು ಕಾದಿರಿಸಿದ್ದರೂ ‘ಒಬ್ಬರೇ ಹೆಂಗಸರಿಗೆ ಕೋಣೆ ಕೊಡುವುದಿಲ್ಲ’ ಎಂದು ಒಂದು ಲಾಡ್ಜಿನವರು ಬಾಗಿಲಲ್ಲೇ ತಿರುಗಿಸಿ ಕಳುಹಿಸಿದರು. ರಾತ್ರಿ ಒಂಬತ್ತು ಗಂಟೆಗೆ ಅವಳು ಇನ್ನೊಂದು ಲಾಡ್ಜು ಹುಡುಕಬೇಕಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಆ್ಯಪಿನ ಬುಕಿಂಗನ್ನು ನೆಚ್ಚುವುದಿಲ್ಲ. ಲಾಡ್ಜಿಗೇ ಫೋನ್ ಮಾಡಿ, ಯಾರು ಬರುತ್ತಾರೆ, ಎಷ್ಟು ಗಂಟೆಗೆ ಬರುತ್ತಾರೆ, ಎಷ್ಟು ಗಂಟೆಗೆ ಬಿಡಬೇಕು ಎಂದು ಮೂರನ್ನೂ ಹೇಳಿ ಕೇಳಿ, ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳುತ್ತೇವೆ. ಹಾಗೆಂದು ಇಂಟರ್‌ನೆಟ್ಟಿನಲ್ಲಿ ಮೊದಲು ಸಿಕ್ಕಿದ ನಂಬರಿಗೆ ಮುಂಗಡ ಕಳುಹಿಸುವುದೂ ಅಪಾಯವೇ. ಲಾಡ್ಜಿನ ಹೆಸರಿನಲ್ಲಿ ಮೋಸಗಾರರ ನಂಬರುಗಳೂ ಓಡಾಡುತ್ತಿವೆ. ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಗುರುತಿಗೆ ಆಧಾರ್ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಡೌನ್‌ಲೋಡ್ ಮಾಡಿಕೊಂಡು ಒಯ್ಯುವುದು ಒಳ್ಳೆಯದು.

ತೆರಿಗೆಯ ವಿಷಯವಾಗಿ ಒಂದು ಮಾತು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ನಂತರವೂ ಹಳೆಯ ದರವನ್ನೇ ಬಾಯಿಮಾತಿನಲ್ಲಿ ಕೇಳಿದವರನ್ನು ನಾನು ಕಂಡಿದ್ದೇನೆ. ‘ಬಿಲ್ಲು ಬೇಕೆಂದರೆ ತೆರಿಗೆ, ಬೇಡವೆಂದರೆ ಇಲ್ಲ’ ಎನ್ನುವ ಜಾಣತನಕ್ಕೂ ಮರುಳಾಗಬಾರದು, ಏಕೆಂದರೆ ನಾಳೆ ತಕರಾರು ಎದ್ದರೆ ಕೈಯಲ್ಲಿರಬೇಕಾದದ್ದು ಆ ಬಿಲ್ಲೇ. ತಕರಾರಿಗಾಗಿ ಬೆಂಗಳೂರಿಗೆ ಅಲೆಯಬೇಕೆಂದು ಹೆದರಿ ಎಷ್ಟೋ ಜನ ಸುಮ್ಮನಾಗುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಅಂದರೆ ಬೆಂಗಳೂರಿನ ಲಾಡ್ಜಿನ ಮೇಲಿನ ದೂರನ್ನು ಚಿಕ್ಕಮಗಳೂರಿನಲ್ಲಿಯೇ ಸಲ್ಲಿಸಬಹುದು. ನಾನು ಸಲ್ಲಿಸಲಿಲ್ಲ, ನಿಯಮ ಆ್ಯಪಿನಲ್ಲಿ ಬರೆದಿತ್ತೆಂಬ ಒಂದು ಮಾತು ನನ್ನ ಬಾಯಿ ಕಟ್ಟಿತು.

ಇದನ್ನೆಲ್ಲ ಬರೆಯುವಾಗ ನಮ್ಮೂರಿನ ಹೋಂಸ್ಟೇಗಳ ನೆನಪೂ ಆಗುತ್ತದೆ. ಶನಿವಾರ ಭಾನುವಾರ ಮುಳ್ಳಯ್ಯನಗಿರಿ ನೋಡಲು ಬರುವ ಬೆಂಗಳೂರಿನವರು ಬೆಳಿಗ್ಗೆ ಆರಕ್ಕೇ ಬಂದು ನಿಂತರೆ, ಕೋಣೆ ಮಧ್ಯಾಹ್ನಕ್ಕೆ ಎಂದು ನಮ್ಮವರೂ ಹೇಳುತ್ತಾರೆ. ವ್ಯತ್ಯಾಸವೆಂದರೆ ಬೆಂಗಳೂರಿನವರು ಬರುವ ಮುನ್ನ ಹತ್ತು ಸಲ ಫೋನ್ ಮಾಡಿ ನೀರು, ದಾರಿ, ನೆಟ್‌ವರ್ಕ್, ಊಟ ಎಂದು ಪ್ರಶ್ನೆಗಳ ಮಳೆ ಸುರಿಸುತ್ತಾರೆ. ನಾವು ಅಲ್ಲಿಗೆ ಹೋಗುವಾಗ ಒಂದು ಪ್ರಶ್ನೆ ಕೇಳಲೂ ಹಿಂಜರಿಯುತ್ತೇವೆ, ಕೇಳಿದರೆ ಹಳ್ಳಿಯವರು ಎಂದುಕೊಂಡಾರೆಂದು.

ಪ್ರಶ್ನೆ ಕೇಳಬಲ್ಲವರಿಗೆ ಮಾತ್ರ ನಿಯಮ ತಿಳಿಯಬೇಕೆಂಬುದೂ ಸರಿಯಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಿಂದಾಗಿ ಲಾಡ್ಜುಗಳ ನಾಮಫಲಕಗಳಲ್ಲಿ ಕನ್ನಡ ಶೇ 60ರಷ್ಟು ಜಾಗ ಪಡೆದಿದೆ, ಸಂತೋಷ. ಆದರೆ ಫಲಕದ ಕೆಳಗಿನ ಬಾಗಿಲು ದಾಟಿದರೆ ದರಪಟ್ಟಿ ಇಂಗ್ಲಿಷಿನಲ್ಲಿ, ಅದೂ ಕೌಂಟರಿನ ಹಿಂದಿನ ಗೋಡೆಯಲ್ಲಿ. ಲಾಡ್ಜುಗಳಿಗೆ ಉದ್ದಿಮೆ ಪರವಾನಗಿ ಕೊಡುವ, ನವೀಕರಿಸುವ ಬೆಂಗಳೂರಿನ ಐದು ಪಾಲಿಕೆಗಳು ಒಂದು ಷರತ್ತು ಸೇರಿಸಲಿ: ಕೋಣೆಯ ಬಾಡಿಗೆ ತೆರಿಗೆ ಸೇರಿ ಎಷ್ಟು, ಲೆಕ್ಕ ಇಪ್ಪತ್ತನಾಲ್ಕು ಗಂಟೆಯದೋ ಮಧ್ಯಾಹ್ನದ್ದೋ, ಬೇಗ ಬಂದರೆ ಹೆಚ್ಚುವರಿ ಎಷ್ಟು, ಬೆಂಕಿ ಬಿದ್ದಾಗ ಇಳಿಯುವ ಮೆಟ್ಟಿಲು ಎಲ್ಲಿ ಎಂಬುದನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಹೊರಬಾಗಿಲ ಪಕ್ಕದಲ್ಲೇ, ಆಟೋದಿಂದ ಚೀಲ ಇಳಿಸುವ ಮುನ್ನ ಓದುವಂತೆ, ಬರೆಸಬೇಕು. ಚಿಕ್ಕಮಗಳೂರು ನಗರಸಭೆಯೂ ನಮ್ಮೂರಿನ ಲಾಡ್ಜುಗಳಿಗೆ ಇದನ್ನೇ ಅನ್ವಯಿಸಲಿ. ಹಾಗೆಯೇ, ಚಿಕ್ಕಮಗಳೂರು, ಹಾಸನಗಳ ಬಸ್ ನಿಲ್ದಾಣಗಳಲ್ಲಿ ರಾತ್ರಿ ಬಸ್ಸು ನಿಲ್ಲುವ ಅಂಕಣದ ಬಳಿ, ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗಳ ಧರ್ಮಶಾಲೆಗಳ ವಿಳಾಸ ಮತ್ತು ಅಲ್ಲಿಗೆ ಹೋಗುವ ಮೆಟ್ರೊ ನಿಲ್ದಾಣಗಳ ಹೆಸರುಳ್ಳ ಒಂದು ಫಲಕವನ್ನು ಸಾರಿಗೆ ನಿಗಮದವರು ಹಾಕಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಪುಸ್ತಕದಂಗಡಿಯ ಒಬ್ಬ ಓದುಗ,
ಬಸವನಹಳ್ಳಿ, ಚಿಕ್ಕಮಗಳೂರು