3,500 ರೂಪಾಯಿಯಲ್ಲೇ ನಿಂತ ಬಾಡಿಗೆ ಕಾಯ್ದೆ

ಮಾನ್ಯರೇ,

ಕೈಗೆಟುಕುವ ಮನೆಯ ಮಾತು ಬಂದಾಗಲೆಲ್ಲ ಫ್ಲ್ಯಾಟುಗಳದೇ ಚರ್ಚೆ. ಜಿಎಸ್‌ಟಿ ಲೆಕ್ಕದಲ್ಲಿ 45 ಲಕ್ಷದ ಮನೆಯೂ ‘ಕೈಗೆಟುಕುವ’ ಮನೆಯೇ! ಬೆಂಗಳೂರಿನಲ್ಲಿ ವಠಾರ ಕೆಡವಿ ಪಿಜಿ ಎಬ್ಬಿಸಿದಾಗ ಜಾಗ ಖಾಲಿ ಮಾಡುವವರು ಗಾರ್ಮೆಂಟ್ಸ್ ಕಾರ್ಮಿಕರು, ಮನೆಗೆಲಸದವರು, ಆಟೊ ಓಡಿಸುವವರು. ಇವರೆಲ್ಲ ಬಾಡಿಗೆದಾರರು.

ಸಕಾರಣವಿಲ್ಲದೆ ಬಾಡಿಗೆದಾರರನ್ನು ಬಿಡಿಸುವಂತಿಲ್ಲ ಎನ್ನುತ್ತದೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಆದರೆ ಅದರ ರಕ್ಷಣೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂ., ಉಳಿದೆಡೆ 2,000 ರೂ. ಮೀರದ ಬಾಡಿಗೆಗೆ ಮಾತ್ರ. ಆ ದುಡ್ಡಿಗೆ ಈಗ ಶೀಟ್ ಮನೆಯೂ ಸಿಗದು. ಮಿತಿ ದಾಟಿದವರಿಗೆ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ತಿಂಗಳ ಬಾಡಿಗೆದಾರರಿಗೆ 15 ದಿನಗಳ ನೋಟಿಸ್ ಕೊಟ್ಟರೆ ಸಾಕು, ಕಾರಣ ಹೇಳಬೇಕಿಲ್ಲ. ನೋಟಿಸ್ ಅವಧಿ ಮುಗಿದರೂ ಕೋರ್ಟ್ ಆದೇಶವಿಲ್ಲದೆ ಸಾಮಾನು ಹೊರಗೆ ಹಾಕುವಂತಿಲ್ಲ ಎಂಬುದು ಎಷ್ಟೋ ಮಂದಿಗೆ ತಿಳಿಯದು. ಅದು ತಿಳಿದವರೂ ನೀರು, ಕರೆಂಟು ನಿಂತರೆ ಎಷ್ಟು ದಿನ ತಡೆದಾರು?

ಹೊಸ ಮನೆಗೆ ಅಡ್ವಾನ್ಸ್ ಮೊದಲು ಕೊಡಬೇಕು, ಹಳೆಯದು ಬಣ್ಣದ ಖರ್ಚು ಮುರಿದುಕೊಂಡು ಆಮೇಲೆ ಬರುತ್ತದೆ. ನಡುವಿನ ಅಂತರಕ್ಕೆ ಬಡ್ಡಿ ಸಾಲ. ಇದಕ್ಕೆ ಬೇಸತ್ತವರು ಭೋಗ್ಯಕ್ಕೆ ಹೋಗುತ್ತಾರೆ. ಅಲ್ಲಿ ಅಪಾಯ ಇನ್ನೂ ದೊಡ್ಡದು. ವರ್ಷ ಮೀರಿದ ಕರಾರು ನೋಂದಣಿಯಾಗಲೇಬೇಕು, ಆದರೆ ಹೆಚ್ಚಿನವು ಛಾಪಾ ಕಾಗದದಲ್ಲೇ ಉಳಿಯುತ್ತವೆ. ಮಾಲೀಕ ಸಾಲ ಕಟ್ಟದೆ ಬ್ಯಾಂಕು ಮನೆ ಹರಾಜಿಗಿಟ್ಟರೆ ಆ ಕಾಗದದ ಬಲ ಅಷ್ಟಕ್ಕಷ್ಟೆ, ಭೋಗ್ಯದ ಹಣ ಮುಳುಗಿದಂತೆಯೇ. ಹಣ ಕೊಡುವ ಮುನ್ನ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ (ಆಸ್ತಿಯ ಮೇಲಿನ ನೋಂದಾಯಿತ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ) ತೆಗೆಸಿ. ಅದೊಂದೇ ಸಾಲದು, ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ನೋಂದಣಿಯಾಗದಿದ್ದರೆ ಇಸಿಯಲ್ಲಿ ಕಾಣದು. ಮೂಲ ಕ್ರಯಪತ್ರ ತೋರಿಸಲು ಹೇಳಿ. ಜೆರಾಕ್ಸ್ ಮಾತ್ರ ಮುಂದಿಟ್ಟರೆ ಮೂಲ ಬ್ಯಾಂಕಿನಲ್ಲಿರಬಹುದೆಂದು ಶಂಕಿಸಿ. ಬ್ಯಾಂಕುಗಳು ಅಡಮಾನ ಸಾಲಗಳನ್ನು ದಾಖಲಿಸುವ ಸೆರ್ಸಾಯ್ (CERSAI) ಜಾಲತಾಣದಲ್ಲೂ ಶುಲ್ಕ ಕಟ್ಟಿ ಹುಡುಕಬಹುದು.

ಬಾಡಿಗೆಗೆ ಮಿತಿ ಹಾಕಿದರೆ ಮಾಲೀಕರು ಮನೆಗೆ ಬೀಗ ಹಾಕಿಕೊಳ್ಳುತ್ತಾರೆಂಬ ಆತಂಕ ಸುಳ್ಳೇನಲ್ಲ. ಬಾಡಿಗೆಯನ್ನು ಕಟ್ಟಿಹಾಕುವುದು ಬೇಡ, ನೋಟಿಸ್ ಅವಧಿಯನ್ನು ಮೂರು ತಿಂಗಳಿಗೆ ಏರಿಸಲಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡ ಎಂದಿದೆ. 10 ತಿಂಗಳ ಅಡ್ವಾನ್ಸ್ ಕೇಳುವ ಈ ಊರಿಗೆ ಆ ಒಂದು ಕಲಮನ್ನಾದರೂ ತರಲು ರಾಜ್ಯ ಸರ್ಕಾರಕ್ಕೆ ಅಡ್ಡಿ ಏನು?

– ಒಬ್ಬ ವಕೀಲ, ಬೆಂಗಳೂರು