ಆ ರಾತ್ರಿ ನೀನು ಫೋನ್ ಇಟ್ಟ ಮೇಲೆ

3 ಸೆಪ್ಟೆಂಬರ್ 2025

ಪ್ರೀತಿಯ ಗೆಳೆಯಾ,

ಗ್ರಿಮ್ಸ್‌ಬಿ ಪಂದ್ಯ ಮುಗಿದ ರಾತ್ರಿ "ಅವನನ್ನ ಬೆಳಗಾಗೋದ್ರೊಳಗೆ ಮನೆಗೆ ಕಳಿಸಬೇಕು ಕಣೋ, ನೀನು ಅವನ ಪರ ಮಾತಾಡಬೇಡ" ಅಂತ ನಮ್ಮ ಮ್ಯಾನೇಜರ್ ಅಮೊರಿಮ್ ಬಗ್ಗೆ ಹೇಳಿ ಫೋನ್ ಇಟ್ಟುಬಿಟ್ಟೆಯಲ್ಲ, ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಮೂರು ಸಲ ಮೆಸೇಜ್ ಬರೆದೆ, ಮೂರು ಸಲವೂ ಅಳಿಸಿದೆ. ನಾಲ್ಕು ಸಾಲಿನಲ್ಲಿ ಮುಗಿಯುವ ಮಾತಲ್ಲ ಇದು. ನಮ್ಮ ಹಾಗೇ ಕಿತ್ತಾಡುತ್ತಿರುವ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು ಇನ್ನೂ ಎಷ್ಟೋ ಜನ ಇದ್ದಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಜಾರಿಲ್ಲ ತಾನೆ?

ಆ ಶೂಟೌಟ್ ನೋಡುವಾಗ ನನಗೆ ನೆನಪಾದದ್ದು 2008ರ ಮೇ 21, ಚೆಲ್ಸಿ ಎದುರಿನ ಚಾಂಪಿಯನ್ಸ್ ಲೀಗ್ ಫೈನಲ್. ಮಾಸ್ಕೋದಲ್ಲೂ ಮಳೆ, ಅಲ್ಲೂ ಪೆನಾಲ್ಟಿ. ಮನೆಯವರಿಗೆ ಎಚ್ಚರವಾಗಬಾರದೆಂದು ಟಿವಿಯ ಸದ್ದು ಪೂರ್ತಿ ಅಡಗಿಸಿ ಕೂತಿದ್ದೆವು. ನಮ್ಮ ರೊನಾಲ್ಡೊ ಹೊಡೆದದ್ದನ್ನು ಅವರ ಕೀಪರ್ ಚೆಕ್ ತಡೆದಾಗ ದಿಂಬಿನಲ್ಲಿ ಮುಖ ಹುದುಗಿಸಿದ ನೀನು, ಅವರ ಟೆರಿ ಪೆನಾಲ್ಟಿ ಹೊಡೆಯುವಾಗ ಜಾರಿ ಬಿದ್ದು ತಪ್ಪಿಸಿದ್ದನ್ನು ನೋಡಲೇ ಇಲ್ಲ. ನಾನೇ ಭುಜ ಹಿಡಿದು ಅಲ್ಲಾಡಿಸಿ ಹೇಳಬೇಕಾಯಿತು. ಕೊನೆಗೆ ನಮ್ಮ ಕೀಪರ್ ವ್ಯಾನ್ ಡೆರ್ ಸಾರ್ ಬಲಕ್ಕೆ ಹಾರಿ ಅನೆಲ್ಕಾನ ಹೊಡೆತ ತಡೆದಾಗ ಇಬ್ಬರೂ ಬಾಯಿಗೆ ಕೈ ಒತ್ತಿಕೊಂಡು ಕುಣಿದಿದ್ದೆವು. ಅದಾಗಿ 17 ವರ್ಷ. ಈಗ ನಾಲ್ಕನೇ ಹಂತದ ಲೀಗ್‌ನಲ್ಲಿರುವ ಗ್ರಿಮ್ಸ್‌ಬಿ ಎದುರು, ಒಂಬತ್ತು ಸಾವಿರ ಜನ ಹಿಡಿಸುವ ಮೈದಾನದಲ್ಲಿ, 2-2 ಮಾಡಿಕೊಂಡು, 26 ಪೆನಾಲ್ಟಿ ಆದಮೇಲೆ 12-11ರಲ್ಲಿ ಸೋತಿದ್ದೇವೆ. ಗೆಲ್ಲಿಸಬಹುದಾಗಿದ್ದ ಪೆನಾಲ್ಟಿ ಕುನ್ಯಾನದು, ಕೀಪರ್ ಹಿಡಿದ. ಕೊನೆಯದು ಎಂಬ್ಯೂಮೊನದು, ಅಡ್ಡಪಟ್ಟಿಗೆ ಬಡಿಯಿತು. ಇಬ್ಬರೂ ಇದೇ ಬೇಸಿಗೆಯಲ್ಲಿ ತಲಾ ಆರು ಕೋಟಿ ಪೌಂಡಿಗೂ ಹೆಚ್ಚು ಕೊಟ್ಟು ತಂದವರು.

ಆ ಬೋರ್ಡ್ ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಮಳೆ ಸುರಿಯುತ್ತಿದೆ, ಅಮೊರಿಮ್ ಡಗೌಟ್‌ನಲ್ಲಿ ಕೂತು ಪುಟ್ಟ ಬೋರ್ಡಿನ ಮೇಲೆ ಆಟಗಾರರ ಬಿಲ್ಲೆಗಳನ್ನು ಆಚೆಗೊಂದು ಈಚೆಗೊಂದು ಸರಿಸುತ್ತಿದ್ದಾನೆ. ಪೆನಾಲ್ಟಿ ಹೊತ್ತಿಗೆ ಮೈದಾನದ ಕಡೆ ನೋಡಲೂ ಆಗದೆ ಕೂತಿದ್ದ. ನಿನಗೆ ಅದು ಹೇಡಿತನವಾಗಿ ಕಂಡಿತು. ನನಗೆ ಹಾಗೆ ಕಾಣಲಿಲ್ಲ, ಆದರೆ ಸಂಕಟವಾಯಿತು. ಆ ಬಿಲ್ಲೆಗಳನ್ನು ಹೇಗೆ ಸರಿಸಿದರೂ ಮಧ್ಯದಲ್ಲಿ ಇಬ್ಬರೇ ಉಳಿಯುತ್ತಾರೆ.

ಅಲ್ಲಿಗೆ ನಿನ್ನ ಮಾತನ್ನು ನಾನು ಒಪ್ಪುತ್ತೇನೆ, ಮೊದಲೇ ಹೇಳಿಬಿಡುತ್ತೇನೆ. 3-4-3ರ ಹಠ ನಮ್ಮನ್ನು ಕೊಲ್ಲುತ್ತಿದೆ. ಹಿಂದೆ ಮೂವರು, ಎರಡು ಅಂಚಿನಲ್ಲಿ ವಿಂಗ್‌ಬ್ಯಾಕ್‌ಗಳು, ನಡುವೆ ಇಬ್ಬರು. ಎದುರಿನವರು ಮೂವರನ್ನು ನಿಲ್ಲಿಸಿದ ಕೂಡಲೇ ನಮ್ಮ ಇಬ್ಬರಲ್ಲಿ ಒಬ್ಬ ಯಾರನ್ನು ಹಿಡಿಯಬೇಕೆಂದು ತಿಳಿಯದೆ ಸುತ್ತುತ್ತಿರುತ್ತಾನೆ. ಆ ಇಬ್ಬರು ಯಾರು? 33 ವರ್ಷದ ಕಾಸೆಮಿರೊ ಮತ್ತು ಗೋಲಿನ ಹತ್ತಿರ ಇರಬೇಕಾದ ಬ್ರೂನೊ. 20 ವರ್ಷದ ಮೈನೂ ಬೆಂಚಿನಲ್ಲಿ. 2024ರ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಗೋಲು ಹೊಡೆದ ಹುಡುಗ ಅವನು, ನಮ್ಮದೇ ಅಕಾಡೆಮಿಯಲ್ಲಿ ಬೆಳೆದವನು. ಅವನನ್ನು ಕೂರಿಸಿ ಬ್ರೂನೊನನ್ನು ಹಿಂದಕ್ಕೆ ಎಳೆದರೆ ಎರಡು ಕಡೆಯೂ ನಷ್ಟ. ಕಳೆದ ಸೀಸನ್ನಿನಲ್ಲಿ 15ನೇ ಸ್ಥಾನ, 42 ಅಂಕ, 38ರಲ್ಲಿ 18 ಸೋಲು. ಪ್ರೀಮಿಯರ್ ಲೀಗ್ ಶುರುವಾದ ಮೇಲೆ ನಮ್ಮ ಕ್ಲಬ್ ಕಂಡ ಅತಿ ಕೆಟ್ಟ ಸ್ಥಾನ. ಇಷ್ಟರ ಮೇಲೂ ಪದ್ಧತಿ ಬದಲಿಸದ ಮ್ಯಾನೇಜರ್ ಬಗ್ಗೆ ನೀನು ಸಿಟ್ಟಾಗಿದ್ದರೆ ಅದು ನ್ಯಾಯವೇ.

ಮೊದಮೊದಲು ನಮ್ಮ ಹಳೆಯ ಮ್ಯಾನೇಜರ್ ಫರ್ಗುಸನ್ ಅವರೂ ಸೋತಿದ್ದರು, ತಾಳ್ಮೆ ಬೇಕು ಎನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡ. 1989-90ರಲ್ಲಿ ನಾವು 13ನೇ ಸ್ಥಾನದಲ್ಲಿದ್ದೆವು ನಿಜ, ಆದರೆ ಫರ್ಗುಸನ್ ಆ ಹೊತ್ತಿಗೆ ಕ್ಲಬ್ಬಿನ ಬುಡವನ್ನೇ ಕಟ್ಟುತ್ತಿದ್ದರು. ಯಾವ ಊರಿನ ಯಾವ ಹುಡುಗ ಚೆನ್ನಾಗಿ ಆಡುತ್ತಾನೆ ಎನ್ನುವವರೆಗೆ ಅವರ ಕಣ್ಣು ಇತ್ತು. ಈಗಿನ ಮ್ಯಾನೇಜರ್‌ಗೆ ಆ ಅಧಿಕಾರವೂ ಇಲ್ಲ, ಆ ಕೆಲಸವೂ ಅವನದಲ್ಲ. ಹೋಲಿಕೆಯೇ ಸರಿಯಲ್ಲ.

ನನ್ನ ಜಗಳ ಬೇರೆ ಕಡೆಯದು. ಅಮೊರಿಮ್‌ನನ್ನು ಕಳಿಸು, ಆಯಿತು. ಆಮೇಲೆ?

2013ರಲ್ಲಿ ಫರ್ಗುಸನ್ ಹೋದ ಮೇಲೆ ಕಾಯಂ ಮ್ಯಾನೇಜರ್‌ಗಳೇ ಆರು ಜನ ಆದರು. ಮೋಯೆಸ್‌ಗೆ ಆರು ವರ್ಷದ ಒಪ್ಪಂದ ಕೊಟ್ಟು ಹತ್ತು ತಿಂಗಳಿಗೆ ಕಳಿಸಿದೆವು. ವ್ಯಾನ್ ಗಾಲ್‌ಗಾಗಿ ಡಿ ಮರಿಯಾನನ್ನು ಸುಮಾರು ಆರು ಕೋಟಿ ಪೌಂಡಿಗೆ ತಂದೆವು, ವರ್ಷ ತುಂಬುವಷ್ಟರಲ್ಲಿ ಪ್ಯಾರಿಸ್‌ಗೆ ಹೋದ. 2012ರಲ್ಲಿ ಯುವೆಂಟಸ್‌ಗೆ ಬಿಡಿಗಾಸಿಗೆ ಕೈಬಿಟ್ಟ ಪೋಗ್ಬಾನನ್ನು 2016ರಲ್ಲಿ 8.9 ಕೋಟಿ ಪೌಂಡಿಗೆ ವಾಪಸು ಕರೆತಂದೆವು. ಆಗ ಅದು ವಿಶ್ವದಾಖಲೆ. 2022ರಲ್ಲಿ ಅದೇ ಯುವೆಂಟಸ್‌ಗೆ ಮತ್ತೆ ಪುಕ್ಕಟೆ ಹೋದ. ಸ್ಯಾಂಚೆಜ್ ಬಂದಾಗ ನೀನು ಏಳನೇ ನಂಬರಿನ ಜೆರ್ಸಿ ತಂದಿದ್ದೆ, ನೆನಪಿದೆಯಾ? ಅವನು ನಮಗಾಗಿ ಹೊಡೆದದ್ದು ಒಟ್ಟು ಐದು ಗೋಲು. ಮ್ಯಾಗ್ವೈರ್‌ಗೆ 8 ಕೋಟಿ, ಸಾಂಚೊಗೆ 7.3 ಕೋಟಿ, ಆಂಟನಿಗೆ 8 ಕೋಟಿಗೂ ಹೆಚ್ಚು. ಒಬ್ಬ ಮ್ಯಾನೇಜರ್‌ಗೆ ಎತ್ತರದ ಸ್ಟ್ರೈಕರ್ ಬೇಕಿತ್ತು, ಮುಂದಿನವನಿಗೆ ಓಡುವವರು ಬೇಕಿತ್ತು, ಅದರ ಮುಂದಿನವನಿಗೆ ತಾನು ಹಾಲೆಂಡಿನಲ್ಲಿ ಪಳಗಿಸಿದ ಹುಡುಗರೇ ಬೇಕಿತ್ತು. ಪ್ರತಿ ಸಲವೂ ಹಿಂದಿನವನ ಸಾಮಾನು ಮನೆಯಲ್ಲೇ ಬಿದ್ದಿರುತ್ತದೆ, ಹೊಸಬ ಬಂದು ಹೊಸ ಸಾಮಾನು ಕೇಳುತ್ತಾನೆ.

ಇವನ ಹಿಂದಿನ ಮ್ಯಾನೇಜರ್ ಟೆನ್ ಹಾಗ್ ವಿಷಯದಲ್ಲಿ ಆದದ್ದು ನನಗೆ ಇವತ್ತಿಗೂ ಅರಗುವುದಿಲ್ಲ. 2023-24ರಲ್ಲಿ ಎಂಟನೇ ಸ್ಥಾನ. ಎಫ್‌ಎ ಕಪ್ ಗೆದ್ದ. ಕ್ಲಬ್ಬಿನವರು ಬೇರೆ ಮ್ಯಾನೇಜರ್‌ಗಳ ಜೊತೆ ಮಾತಾಡಿ, ಯಾರೂ ಸರಿಹೋಗದೆ, ಇವನನ್ನೇ ಉಳಿಸಿಕೊಂಡರು. ಜುಲೈನಲ್ಲಿ ಒಪ್ಪಂದ ವಿಸ್ತರಿಸಿದರು. ಡಿ ಲಿಖ್ಟ್, ಮಜ್ರಾವಿ, ಯೋರೊ, ಝಿರ್ಕ್‌ಝಿ, ಉಗಾರ್ಟೆ, ಹೀಗೆ ಸುಮಾರು 20 ಕೋಟಿ ಪೌಂಡ್ ಸುರಿದರು. ಲೀಗ್‌ನಲ್ಲಿ ಒಂಬತ್ತೇ ಪಂದ್ಯ ಆಡಿ ಅಕ್ಟೋಬರ್ 28ಕ್ಕೆ ತೆಗೆದುಹಾಕಿದರು. ಅವನನ್ನು ಕಳಿಸುವುದಕ್ಕೇ ಒಂದು ಕೋಟಿ ಪೌಂಡ್ ಹೋಯಿತು. ನಂಬಿಕೆ ಇಲ್ಲದ ಮನುಷ್ಯನ ಕೈಗೆ 20 ಕೋಟಿ ಯಾಕೆ ಕೊಟ್ಟಿರಿ? ನಂಬಿಕೆ ಇದ್ದರೆ ಒಂಬತ್ತು ಪಂದ್ಯಕ್ಕೆ ಯಾಕೆ ತೆಗೆದಿರಿ?

ಮೆಕ್‌ಟಾಮಿನೆ ವಿಷಯ ನಾವಿಬ್ಬರೂ ಬಾಯಿಬಿಟ್ಟು ಮಾತಾಡಿಲ್ಲ. ಎತ್ತಿದರೆ ಇಬ್ಬರಿಗೂ ನೋವು. ಆದರೂ ಎತ್ತುತ್ತೇನೆ, ಯಾಕೆಂದರೆ ನಮ್ಮ ಕ್ಲಬ್ಬಿನ ಇಡೀ ಕಾಯಿಲೆ ಆ ಒಬ್ಬ ಹುಡುಗನ ಕಥೆಯಲ್ಲಿದೆ. ಐದು ವರ್ಷದವನಿದ್ದಾಗಿನಿಂದ ಯುನೈಟೆಡ್‌ನವನು. 2023ರ ಅಕ್ಟೋಬರ್, ಬ್ರೆಂಟ್‌ಫರ್ಡ್ ಎದುರು 1-0 ಹಿಂದೆ, 90 ನಿಮಿಷ ಮುಗಿದಿದೆ. ನೀನು ಟಿವಿ ಆರಿಸಿ ಮಲಗಿದ್ದೆ. ಬದಲಿ ಆಟಗಾರನಾಗಿ ಬಂದ ಅವನು ಇಂಜುರಿ ಟೈಮಿನಲ್ಲಿ ಒಂದಲ್ಲ, ಎರಡು ಗೋಲು ಹೊಡೆದ. ನಾನು ಫೋನ್ ಮಾಡಿದಾಗ ನೀನು ನಂಬಲೇ ಇಲ್ಲ. ಮರುವರ್ಷ ಅವನನ್ನು ಸುಮಾರು 2.5 ಕೋಟಿ ಪೌಂಡಿಗೆ ನಾಪೋಲಿಗೆ ಮಾರಿದರು.

ಯಾಕೆ ಮಾರಿದರು ಗೊತ್ತಾ? ಲೀಗ್‌ನ ನಿಯಮದ ಪ್ರಕಾರ ಕ್ಲಬ್ ಮೂರು ವರ್ಷದಲ್ಲಿ ಒಟ್ಟು 10.5 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ತೋರಿಸುವ ಹಾಗಿಲ್ಲ. ಆಟಗಾರನನ್ನು ಕೊಂಡ ಹಣವನ್ನು ಒಂದೇ ವರ್ಷದ ಲೆಕ್ಕಕ್ಕೆ ಹಾಕುವುದಿಲ್ಲ, ಒಪ್ಪಂದದ ವರ್ಷಗಳಿಗೆ ಹಂಚುತ್ತಾರೆ. ಐದು ವರ್ಷಕ್ಕೆ 8 ಕೋಟಿ ಕೊಟ್ಟು ತಂದವನು ವರ್ಷಕ್ಕೆ 1.6 ಕೋಟಿಯ ಖರ್ಚು. ಮೂರು ವರ್ಷ ಕಳೆದ ಮೇಲೂ ಪುಸ್ತಕದಲ್ಲಿ 3.2 ಕೋಟಿ ಉಳಿದಿರುತ್ತದೆ, ಅದಕ್ಕಿಂತ ಕಡಿಮೆಗೆ ಮಾರಿದರೆ ಕೈಸುಟ್ಟುಕೊಂಡ ಹಾಗೆಯೇ. ಮೊನ್ನೆ ಆಂಟನಿಯನ್ನು ಬೇಟಿಸ್‌ಗೆ ಕೊಟ್ಟದ್ದು ಕೊಂಡ ಬೆಲೆಯ ಸುಮಾರು ಕಾಲುಭಾಗಕ್ಕೆ. ಅದೇ ಅಕಾಡೆಮಿಯ ಹುಡುಗನನ್ನು ಕೊಳ್ಳಲು ಏನೂ ಖರ್ಚಾಗಿಲ್ಲವಲ್ಲ, ಮಾರಿದ ಪೂರ್ತಿ ಹಣ ಲಾಭದ ಕಾಲಮ್ಮಿಗೆ ಹೋಗುತ್ತದೆ. ಅಂದರೆ ದುಬಾರಿ ತಪ್ಪುಗಳ ಗುಂಡಿ ಮುಚ್ಚಲು ಮನೆಮಕ್ಕಳನ್ನು ಮಾರಬೇಕಾಯಿತು. ಈ ಬೇಸಿಗೆಯಲ್ಲಿ ಗರ್ನಾಚೊ 4 ಕೋಟಿಗೆ ಚೆಲ್ಸಿಗೆ ಹೋದದ್ದರಲ್ಲೂ ಇದೇ ಲೆಕ್ಕದ ಪಾಲಿದೆ.

ಈ ವರ್ಷದ ಮೇ 21ರಂದು ಬಿಲ್ಬಾವೊದಲ್ಲಿ ನಾವು ಟಾಟೆನ್‌ಹ್ಯಾಮ್‌ಗೆ 1-0 ಸೋತು ಯುರೋಪಾ ಲೀಗ್ ಕಳೆದುಕೊಂಡೆವು. ಎರಡೇ ದಿನ ಕಳೆದು ಮೇ 23ರಂದು ನಾಪೋಲಿಯಲ್ಲಿ ಮೆಕ್‌ಟಾಮಿನೆ ಗಾಳಿಯಲ್ಲಿ ಅಡ್ಡಡ್ಡಕ್ಕೆ ಹಾರಿ ಒದ್ದ ಚೆಂಡು ಬಲೆ ಸೇರಿತು, ಅವರು ಇಟಲಿಯ ಚಾಂಪಿಯನ್ನರಾದರು. ಇಡೀ ಸೀರೀ ಎ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವನಿಗೇ. ಆ ಗೋಲನ್ನು ನಾನು ಇಪ್ಪತ್ತು ಸಲ ನೋಡಿರಬೇಕು. ಖುಷಿಯಾಯಿತು, ಹೊಟ್ಟೆಯೂ ಉರಿಯಿತು.

ಈಗ ಬ್ರೈಟನ್ ಕಡೆ ನೋಡು. 2022ರ ಸೆಪ್ಟೆಂಬರ್‌ನಲ್ಲಿ, ಸೀಸನ್ ಶುರುವಾಗಿ ತಿಂಗಳಾದಾಗ, ಅವರ ಮ್ಯಾನೇಜರ್ ಪಾಟರ್‌ನನ್ನು ಚೆಲ್ಸಿ ಎತ್ತಿಕೊಂಡು ಹೋಯಿತು. ಡಿ ಝೆರ್ಬಿ ಬಂದ. ಆ ಸೀಸನ್ನಿನಲ್ಲೇ ಆರನೇ ಸ್ಥಾನ, ಕ್ಲಬ್ಬಿನ ಇತಿಹಾಸದಲ್ಲಿ ಮೊದಲ ಸಲ ಯುರೋಪಿಗೆ ಪ್ರವೇಶ. ಅಲ್ಲಿ ಯಾರನ್ನು ಕೊಳ್ಳಬೇಕೆಂದು ನಿರ್ಧರಿಸುವುದು ಕ್ಲಬ್, ಮ್ಯಾನೇಜರ್ ಅಲ್ಲ. ಹೊಸ ಮ್ಯಾನೇಜರ್‌ನನ್ನೂ ಇರುವ ಆಟಗಾರರನ್ನು ನೋಡಿಯೇ ಹುಡುಕುತ್ತಾರೆ. ನಾವು ಮಾಡಿದ್ದು ತದ್ವಿರುದ್ಧ. ತಂಡದಲ್ಲಿ ಸರಿಯಾದ ಒಬ್ಬ ವಿಂಗ್‌ಬ್ಯಾಕ್ ಇಲ್ಲದಿರುವಾಗ, ವಿಂಗ್‌ಬ್ಯಾಕ್ ಇಲ್ಲದೆ ಆಡಿಸಲು ಗೊತ್ತೇ ಇಲ್ಲದ ಮ್ಯಾನೇಜರ್‌ನನ್ನು ಅವನ ಹಳೆಯ ಕ್ಲಬ್ ಸ್ಪೋರ್ಟಿಂಗ್‌ಗೆ 1.1 ಕೋಟಿ ಯೂರೋ ಕೊಟ್ಟು, ಸೀಸನ್ನಿನ ನಡುವೆ ಕರೆತಂದೆವು. ನನ್ನ ಪ್ರಕಾರ ಕಳೆದ ವರ್ಷದ ಅತಿ ಕೆಟ್ಟ ಟ್ರಾನ್ಸ್‌ಫರ್ ಎಂದರೆ ಇದೇ. ಅಮೊರಿಮ್ ಕೆಟ್ಟವನೆಂದು ಅಲ್ಲ. ಲಿಸ್ಬನ್ನಿನಲ್ಲಿ ಅವನು ಎರಡು ಸಲ ಲೀಗ್ ಗೆದ್ದವನು. ಇಲ್ಲಿಗೆ ಹೊಂದದವನನ್ನು ತಂದು, ಹೊಂದುತ್ತಿಲ್ಲವೆಂದು ಬೈಯುತ್ತಿದ್ದೇವೆ. ತಂದವರನ್ನು ಯಾರು ಕೇಳುತ್ತಾರೆ? ಆಟಗಾರರ ಆಯ್ಕೆ ನೋಡಿಕೊಳ್ಳಲೆಂದು ಅಷ್ಟು ಕಾದು ತಂದ ಆಶ್‌ವರ್ತ್ ಐದೇ ತಿಂಗಳಿಗೆ ಹೊರಗೆ ಹೋದರು. 2005ರಲ್ಲಿ 79 ಕೋಟಿ ಪೌಂಡಿಗೆ ಕ್ಲಬ್ ಕೊಂಡು ಅದರ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿದ ಗ್ಲೇಜರ್ ಕುಟುಂಬ ಇನ್ನೂ ಅಲ್ಲೇ ಇದೆ. ಕ್ಲಬ್ಬಿನಲ್ಲಿ ಪಾಲು ಕೊಂಡ ರ‍್ಯಾಟ್‌ಕ್ಲಿಫ್ ಬಂದ ಮೇಲೆ ನೂರಾರು ನೌಕರರು ಕೆಲಸ ಕಳೆದುಕೊಂಡರು. ಕ್ಯಾಂಟೀನಿನಲ್ಲಿ ದುಡಿಯುವವರು ಏನು ತಪ್ಪು ಮಾಡಿದ್ದರು?

ಈ ಬೇಸಿಗೆಯ ಖರೀದಿಯ ಬಗ್ಗೆ ಮಾತ್ರ ನಿನ್ನ ಅಭಿಪ್ರಾಯ ನನಗೆ ಒಪ್ಪಿಗೆಯಿಲ್ಲ. ಕುನ್ಯಾ ಕಳೆದ ಸೀಸನ್ನಿನಲ್ಲಿ ವುಲ್ವ್ಸ್‌ಗೆ 15 ಲೀಗ್ ಗೋಲು ಹೊಡೆದವನು, ಎಂಬ್ಯೂಮೊ ಬ್ರೆಂಟ್‌ಫರ್ಡ್‌ಗೆ 20. ಒಂದು ಪೆನಾಲ್ಟಿ ತಪ್ಪಿದ್ದಕ್ಕೆ ಅವರನ್ನು ಆಂಟನಿಯ ಪಟ್ಟಿಗೆ ಸೇರಿಸಬೇಡ. ಆಂಟನಿ ನಮ್ಮಲ್ಲಿ ಎಲ್ಲ ಸೀಸನ್ ಸೇರಿಸಿ ಲೀಗ್‌ನಲ್ಲಿ ಹೊಡೆದದ್ದು ಐದು. ಈ ಇಬ್ಬರು, ಜೊತೆಗೆ ಹೊಸ ಸ್ಟ್ರೈಕರ್ ಶೆಶ್ಕೊ, ಯಾವ ಮ್ಯಾನೇಜರ್ ಬಂದರೂ ಯಾವ ಪದ್ಧತಿಯಲ್ಲೂ ಆಡಬಲ್ಲವರು. ಎಷ್ಟೋ ವರ್ಷಗಳ ನಂತರ ಒಬ್ಬನ ಹಟಕ್ಕಲ್ಲದೆ ತಂಡಕ್ಕಾಗಿ ಕೊಂಡ ಹಾಗೆ ಕಂಡಿತು ನನಗೆ. ಆದರೆ ಮಿಡ್‌ಫೀಲ್ಡ್? ಬ್ರೈಟನ್ನಿನ ಬಲೇಬಾ ಬೇಕೆಂದು ವಿಚಾರಿಸಿದರು, ಅವರು ಬಿಟ್ಟುಕೊಡಲಿಲ್ಲ. ಸರಿ, ಬೇರೊಬ್ಬ? ಮೊನ್ನೆ ಸೋಮವಾರ, ಆಟಗಾರರನ್ನು ಕೊಳ್ಳುವ ಕಿಟಕಿ ಮುಚ್ಚುವ ರಾತ್ರಿ, ಗೋಲ್‌ಕೀಪರ್ ಲಾಮೆನ್ಸ್ ಬಂದ. ಅವನೂ ಬೇಕಿತ್ತು, ಆರ್ಸೆನಲ್ ಎದುರು ಆ ಕಾರ್ನರ್‌ನಲ್ಲಿ ನಮ್ಮ ಕೀಪರ್ ಚೆಂಡು ಹಿಡಿಯಲಾಗದೆ ಗೋಲು ಬಿಟ್ಟದ್ದನ್ನು ನೋಡಿದ ಮೇಲೆ ಅನುಮಾನವೇ ಇಲ್ಲ. ಆದರೆ ನಡುವಿನ ಜಾಗಕ್ಕೆ ಒಬ್ಬನೂ ಬರಲಿಲ್ಲ. ಮುಂದಿನ ಸಾಲಿಗೇ 20 ಕೋಟಿಯ ಹತ್ತಿರ ಸುರಿದವರು ಹೊಟ್ಟೆಯನ್ನು ಖಾಲಿ ಬಿಟ್ಟರು.

ಹಾಗಾಗಿ ನಾನು ಹೇಳುವುದು ಇಷ್ಟೇ ಮಾರಾಯ. ಅಮೊರಿಮ್ ಇರಲಿ, ಹೋಗಲಿ. ನಾಳೆ ಹೋದರೂ ನಾನು ಅಳುವುದಿಲ್ಲ. ಆದರೆ ಮುಂದಿನವನು ಮೂರು ಜನ ಡಿಫೆಂಡರ್ ಬೇಕು, ಇಲ್ಲ ನಾಲ್ಕು ಬೇಕು, ಇವರೆಲ್ಲ ನನಗೆ ಆಗುವುದಿಲ್ಲ ಎಂದು ಮತ್ತೆ ಪಟ್ಟಿ ಹಿಡಿದು ನಿಂತರೆ, ಅವತ್ತು ನೀನು ಫೋನ್ ಮಾಡಿ ಬೈಯಬೇಕಾದದ್ದು ಆ ಪಟ್ಟಿಗೆ ಸಹಿ ಹಾಕುವವರನ್ನು. ಶನಿವಾರ ಬರ್ನ್‌ಲಿ ಎದುರು ಬ್ರೂನೊ 97ನೇ ನಿಮಿಷದ ಪೆನಾಲ್ಟಿ ಒಳಗೆ ಹಾಕಿದಾಗ ನಾನು ಎದ್ದು ನಿಂತಿದ್ದೆ, ನಿನ್ನ ಹೆಸರು ಹಿಡಿದು ಕೂಗಿಯೂಬಿಟ್ಟೆ, ಆಮೇಲೆ ನೀನು ಪಕ್ಕದಲ್ಲಿಲ್ಲ, ಮಾತೂ ಬಿಟ್ಟಿದ್ದೀಯೆ ಎಂದು ನೆನಪಾಯಿತು.

14ನೇ ತಾರೀಕು ಎತಿಹಾದ್‌ನಲ್ಲಿ ಸಿಟಿ ಎದುರು ಡರ್ಬಿ. ಭಾನುವಾರ, ರಾತ್ರಿ ಒಂಬತ್ತಕ್ಕೆ. ಅಷ್ಟರಲ್ಲಿ ಒಂದು ಪ್ರಶ್ನೆಗೆ ಉತ್ತರ ಯೋಚಿಸಿಟ್ಟುಕೋ: ನಿನ್ನ ಕೈಯಲ್ಲಿ ಆ ಬೋರ್ಡ್ ಇದ್ದಿದ್ದರೆ ನಡುವೆ ಯಾರ ಬಿಲ್ಲೆ ಇಡುತ್ತಿದ್ದೆ? ನಾನಾದರೆ ಮೈನೂನದು ಇಡುತ್ತೇನೆ, ಬ್ರೂನೊನದನ್ನು ಒಂದು ಗೇಣು ಮುಂದಕ್ಕೆ ತಳ್ಳುತ್ತೇನೆ. ಎಂಟೂವರೆಗೆ ಫೋನ್ ಮಾಡುತ್ತೇನೆ, ಎತ್ತು.

ನಿನ್ನ,
ಗೆಳೆಯ