ಪುಡಿಯಾದ ಮೈಸೂರು ಪಾಕ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನಿನ್ನೆ ರಾತ್ರಿಯೇ ಓದಿದೆ. ಫೋನಿನಲ್ಲಿ ಎರಡು ಮಾತಾಡಿ ಮುಗಿಸುವ ವಿಷಯ ಇದಲ್ಲ ಅನ್ನಿಸಿತು, ಅದಕ್ಕೆ ಬರೆಯುತ್ತಿದ್ದೇನೆ. ನಿನ್ನ ಹಾಗೇ ಒಲೆ ಮುಂದೆ ಬೇಜಾರಾಗಿ ಕೂತವರು ಇನ್ನೂ ಇರುತ್ತಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಹೇಳುವುದಿಲ್ಲ.

ಮಗಳ ಹುಟ್ಟುಹಬ್ಬಕ್ಕೆ ಅಂತ ಅರ್ಧ ಕೆಜಿ ತುಪ್ಪ ತಂದು, ಬೆಳಿಗ್ಗೆಯಿಂದ ನಿಂತು ಮೈಸೂರು ಪಾಕ್ ಮಾಡಿದೆ. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಬರೀ ಪುಡಿ. 'ನನ್ನ ಕೈಗೆ ಅಡುಗೆ ಹತ್ತಲ್ಲ ಬಿಡು, ಇನ್ನು ಮಾಡಲ್ಲ' ಅಂತ ಬರೆದಿದ್ದೀಯ. ಆ ಸಾಲು ಓದಿ ನನಗೆ ನಿಜವಾಗಲೂ ಸಂಕಟವಾಯಿತು. ನೀನು ಕಳಿಸಿದ ಅಡುಗೆ ಪುಸ್ತಕದ ಪುಟದ ಫೋಟೋವನ್ನು ಮೂರು ಸಲ ಓದಿದೆ ಕಣೋ. ತಪ್ಪು ನಿನ್ನ ಕೈಯಲ್ಲಿಲ್ಲ. ಆ ಪುಟದಲ್ಲಿದೆ.

ಮೊದಲು ಪಾಕದ ವಿಷಯ ನೋಡು. 'ಸಕ್ಕರೆ ಮುಳುಗುವಷ್ಟು ನೀರು ಹಾಕಿ ಐದು ನಿಮಿಷ ಕುದಿಸಿ' ಅಂತಿದೆ. ಪಾಕಕ್ಕೆ ನಿಮಿಷದ ಲೆಕ್ಕ ಹೇಗೆ ಕೊಡುತ್ತಾರೆ? ಅಗಲದ ಬಾಣಲೆಯಾದರೆ ನೀರು ಬೇಗ ಆರುತ್ತದೆ, ಆಳದ ಪಾತ್ರೆಯಾದರೆ ನಿಧಾನ. ಉರಿ ಜಾಸ್ತಿಯಾದರೆ ಒಂದು ಲೆಕ್ಕ, ಕಡಿಮೆಯಾದರೆ ಇನ್ನೊಂದು. ಅದಕ್ಕೇ ನಮ್ಮ ಮನೆಗಳಲ್ಲಿ ಗಡಿಯಾರ ನೋಡದೆ ಎಳೆ ನೋಡುತ್ತಿದ್ದರು. ಒಂದು ಹನಿ ಪಾಕವನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಬಿಡಿಸಿದರೆ ಒಂದೇ ಎಳೆ ಬರಬೇಕು. ಅಷ್ಟಾದ ಕೂಡಲೇ ಜರಡಿ ಹಿಡಿದ ಕಡಲೆಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಿ, ಗಂಟಾಗದ ಹಾಗೆ ಕೈಯಾಡಿಸಬೇಕು. 'ಒಂದೆಳೆ' ಅನ್ನುವ ಮಾತೇ ಆ ಪುಟದಲ್ಲಿಲ್ಲ.

ಎರಡನೆಯದು ತುಪ್ಪ. 'ಕರಗಿಸಿದ ತುಪ್ಪ' ಅಂತ ಬರೆದು ಬಿಟ್ಟಿದ್ದಾರೆ. ಕರಗಿದರೆ ಸಾಲದು, ಚೆನ್ನಾಗಿ ಕಾದಿರಬೇಕು. ಪಕ್ಕದ ಒಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಯಾಗಿಯೇ ಇರಬೇಕು. ಒಂದೊಂದು ಸೌಟು ಹಾಕಿದಾಗಲೂ ಚುಂಯ್ ಅಂತ ನೊರೆ ಏಳಬೇಕು. ಹಿಟ್ಟಿನಲ್ಲಿರುವ ನೀರಿನಂಶ ಆ ಬಿಸಿಗೆ ಒಮ್ಮೆಲೇ ಆವಿಯಾಗುತ್ತದೆ. ಮೈಸೂರು ಪಾಕಿನ ಒಳಗೆ ಕಾಣುವ ಗೂಡು ಗೂಡು ಆಗುವುದೇ ಹಾಗೆ. ತಣ್ಣಗಿನ ತುಪ್ಪ ಹಾಕಿದರೆ ಗೂಡು ಬರಲ್ಲ.

ನಿನ್ನದು ಪುಡಿಯಾಗಿದ್ದು ಮಾತ್ರ ಮೂರನೆಯ ಸಾಲಿನಿಂದ. 'ಗಟ್ಟಿಯಾಗುವವರೆಗೆ ಕೈಯಾಡಿಸಿ' ಅಂದಿದ್ದಾರೆ. ಬಾಣಲೆಯಲ್ಲೇ ಗಟ್ಟಿಯಾದರೆ ಮುಗಿಯಿತು, ಆಮೇಲೆ ತಟ್ಟೆಯಲ್ಲಿ ಅದು ಕೂಡಿಕೊಳ್ಳುವುದೇ ಇಲ್ಲ. ಹಿಟ್ಟು ಅಂಚು ಬಿಡಬೇಕು, ಕುಡಿದ ತುಪ್ಪವನ್ನು ವಾಪಸ್ ಬಿಡಲು ಶುರು ಮಾಡಬೇಕು, ನೊರೆನೊರೆಯಾಗಿ ಉಬ್ಬಬೇಕು. ಆ ಕ್ಷಣಕ್ಕೆ ಇಳಿಸಿ, ತುಪ್ಪ ಸವರಿದ ತಟ್ಟೆಗೆ ಸುರಿದುಬಿಡಬೇಕು. ಅರ್ಧ ನಿಮಿಷ ತಡವಾದರೂ ಕೆಡುತ್ತದೆ. ನೀನು ಪುಸ್ತಕ ಹೇಳಿದ ಹಾಗೆ ನಿಷ್ಠೆಯಿಂದ ಕೈಯಾಡಿಸುತ್ತಲೇ ಇದ್ದೆ, ಪಾಪ.

ಇನ್ನೊಂದು ಗಮನಿಸಿದೆಯಾ? ಆ ಪುಟದಲ್ಲಿ ಅಚ್ಚು ಹಾಕಿದ ಫೋಟೋದಲ್ಲಿರುವುದು ಬಾಯಲ್ಲಿಟ್ಟರೆ ಕರಗುವ ಮೆತ್ತಗಿನ ತುಪ್ಪದ ಮೈಸೂರು ಪಾಕ್. ಕೆಳಗೆ ಬರೆದಿರುವ ವಿಧಾನ ಗೂಡಿನ, ಗರಿಗರಿ ಮೈಸೂರು ಪಾಕಿನದು. ಎರಡೂ ಬೇರೆ ಬೇರೆ. ಬರೆದವರು ಒಂದೇ ಒಂದು ಸಲ ತಮ್ಮ ಮನೆಯ ಒಲೆ ಮೇಲೆ ಮಾಡಿ ನೋಡಿದ್ದರೆ ಈ ಫೋಟೋ ಅಲ್ಲಿ ಇರುತ್ತಿರಲಿಲ್ಲ.

ನನಗೂ ಹೀಗೇ ಆಗಿದೆ, ನಿನಗೆ ಯಾವತ್ತೂ ಹೇಳಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅಪ್ಪ ಅಮ್ಮ ಊರಿಂದ ಬಂದಿದ್ದರು. ಟಿವಿಯಲ್ಲಿ ಹೆಸರು ಮಾಡಿದ ಒಬ್ಬರ ಪುಸ್ತಕ ಇಟ್ಟುಕೊಂಡು ಬಿಸಿಬೇಳೆ ಬಾತ್ ಮಾಡಿದೆ. 'ಒಣಮೆಣಸಿನಕಾಯಿ 15' ಅಂತಿತ್ತು. ಯಾವ ಮೆಣಸಿನಕಾಯಿ ಅಂತ ಇರಲಿಲ್ಲ. ಮನೆಯಲ್ಲಿದ್ದದ್ದು ಗುಂಟೂರು. ಬ್ಯಾಡಗಿಯಾಗಿದ್ದರೆ ಒಳ್ಳೇ ಬಣ್ಣ ಬಂದು, ಖಾರ ಹಿತವಾಗಿರುತ್ತಿತ್ತು. ಗುಂಟೂರು 15 ಹಾಕಿದರೆ ಏನಾಗುತ್ತದೆ ಅಂತ ನಿನಗೆ ಗೊತ್ತು. ಅಪ್ಪ ಮಾತಾಡದೆ ಎರಡು ಲೋಟ ಮಜ್ಜಿಗೆ ಕುಡಿದು, ತಟ್ಟೆ ಖಾಲಿ ಮಾಡಿ ಎದ್ದರು. ಅವರ ಕಣ್ಣಲ್ಲಿ ನೀರಿತ್ತು. ಆ ಊಟ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತದೆ. ಆರು ತಿಂಗಳು ನಾನು ಬಿಸಿಬೇಳೆ ಬಾತ್ ಮಾಡಲೇ ಇಲ್ಲ. ನನಗೇ ಬರಲ್ಲ ಅಂದುಕೊಂಡಿದ್ದೆ, ಈಗ ನೀನು ಅಂದುಕೊಂಡ ಹಾಗೆ. ಒಂದೇ ಒಂದು ಪದ, 'ಬ್ಯಾಡಗಿ' ಅಂತ ಬರೆದಿದ್ದರೆ ಸಾಕಿತ್ತು.

ಆಮೇಲೆ ಈ ಪುಸ್ತಕಗಳು ಹೇಗೆ ತಯಾರಾಗುತ್ತವೆ ಅಂತ ಓದಿ ತಿಳಿದುಕೊಂಡೆ. ಎಷ್ಟೋ ಸಲ ಮುಖಪುಟದ ಮೇಲಿನ ಹೆಸರು ಒಬ್ಬರದು, ಒಳಗೆ ಬರೆದವರು ಇನ್ನೊಬ್ಬರು. ಹೋಟೆಲ್ಲಿನಲ್ಲಿ ಐವತ್ತು ಜನಕ್ಕೆ ಮಾಡುವ ಅಳತೆಯನ್ನು ನಾಲ್ಕು ಜನಕ್ಕೆ ಭಾಗಿಸಿ ಹಾಕುವುದೂ ಇದೆ. ಎಲ್ಲವೂ ಹಾಗೆ ಭಾಗವಾಗುವುದಿಲ್ಲ. ಹೋಟೆಲ್ಲಿನ ಒಲೆಯ ಉರಿ ನಮ್ಮ ಮನೆಯ ಗ್ಯಾಸಿಗೆ ಬರಲ್ಲ, ದೊಡ್ಡ ಪಾತ್ರೆಯಲ್ಲಿ ನೀರು ಆರುವ ರೀತಿಯೇ ಬೇರೆ. 'ಈರುಳ್ಳಿ ಕಂದು ಬಣ್ಣ ಬರುವವರೆಗೆ, ಐದು ನಿಮಿಷ' ಅಂತ ಬರೆಯುತ್ತಾರೆ ನೋಡು, ಮನೆಯ ಹದ ಉರಿಯಲ್ಲಿ ಅದಕ್ಕೆ ಹದಿನೈದು ಇಪ್ಪತ್ತು ನಿಮಿಷವಾದರೂ ಬೇಕು. ಸಿಹಿ ಬಿಟ್ಟು ಕರಗುವಷ್ಟು ಹುರಿಯಬೇಕಾದರೆ ಮುಕ್ಕಾಲು ಗಂಟೆ.

ಅಳತೆಯ ಗೋಳು ಬೇರೆ. ಅಮೆರಿಕದ ಪುಸ್ತಕದ ಕಪ್ಪು ಸುಮಾರು 240 ಮಿಲಿ, ಆಸ್ಟ್ರೇಲಿಯಾದ್ದು 250, ಜಪಾನಿನದು 200. ನಮ್ಮ ಪುಸ್ತಕಗಳಲ್ಲಿ 'ಒಂದು ಕಪ್' ಅಂದರೆ ಕಾಫಿ ಕಪ್ಪೋ, ಅಳತೆ ಕಪ್ಪೋ ಅನ್ನುವುದೇ ಇರುವುದಿಲ್ಲ. ಅಮ್ಮನ ಹತ್ತಿರ ಒಂದು ಹಿತ್ತಾಳೆ ಪಾವು ಇತ್ತಲ್ಲ, ಅಕ್ಕಿಗೂ ಅದೇ, ಬೇಳೆಗೂ ಅದೇ, ನೀರಿಗೂ ಅದೇ. ಹಾಗಾಗಿ ಪ್ರಮಾಣ ತಪ್ಪುತ್ತಿರಲಿಲ್ಲ.

ಇದು ಸಣ್ಣ ವಿಷಯ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. 2008ರಲ್ಲಿ ಸ್ವೀಡನ್ನಿನ ಒಂದು ಅಡುಗೆ ಪತ್ರಿಕೆಯಲ್ಲಿ ಸೇಬಿನ ಕೇಕಿಗೆ ಎರಡು ಚಿಟಿಕೆ ಜಾಯಿಕಾಯಿ ಅನ್ನುವ ಕಡೆ 20 ಜಾಯಿಕಾಯಿ ಅಂತ ಅಚ್ಚಾಯಿತು. ಅದನ್ನು ನಂಬಿ ಮಾಡಿ ತಿಂದ ನಾಲ್ಕು ಜನ ಹುಷಾರು ತಪ್ಪಿದರು. ಅಚ್ಚಾದದ್ದನ್ನು ಜನ ನಂಬುತ್ತಾರೆ ಗೆಳೆಯಾ. ನೀನೂ ನಂಬಿದೆ, ಅಲ್ವಾ?

ಎಲ್ಲಾ ಪುಸ್ತಕವೂ ಹೀಗೇ ಅಂತಲ್ಲ. ತಮಿಳಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ಅವರ 'ಸಮೈತ್ತು ಪಾರ್' 1951ರಲ್ಲಿ ಬಂತು. 'ಮಾಡಿ ನೋಡು' ಅಂತ ಅರ್ಥ. ಅವರು ಹೋಟೆಲ್ಲಿನವರಲ್ಲ, ಮನೆಯಲ್ಲೇ ಬೇಯಿಸಿ ಬಡಿಸಿದವರು. ಮದುವೆಯಾಗಿ ದೂರದ ಊರಿಗೆ ಹೋಗುವ ಹುಡುಗಿಯರು ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗುತ್ತಿದ್ದರು. ಪಕ್ಕದಲ್ಲಿ ಅಮ್ಮ ಇಲ್ಲದವರಿಗೆ ಬರೆಯುತ್ತಿದ್ದೇನೆ ಅನ್ನುವ ಜವಾಬ್ದಾರಿ ಅಂಥ ಬರಹದಲ್ಲಿರುತ್ತದೆ. ನಿನಗೆ ಬೇಕಿದ್ದದ್ದೂ ಅದೇ.

ಈಗ ನಾನು ಹೊಸ ಪುಸ್ತಕ ತಗೊಂಡರೆ ಮೊದಲು ಇಡ್ಲಿಯ ಪುಟ ತೆಗೆಯುತ್ತೇನೆ. 'ಎಂಟು ಗಂಟೆ ಹುದುಗಲು ಬಿಡಿ' ಅಂತ ಮಾತ್ರ ಇದ್ದರೆ ಮುಚ್ಚಿಡುತ್ತೇನೆ. ಡಿಸೆಂಬರಿನ ಬೆಂಗಳೂರಿನಲ್ಲಿ ನನ್ನ ಹಿಟ್ಟು ಹನ್ನೆರಡು ಗಂಟೆಯಾದರೂ ಏಳಲ್ಲ, ಏಪ್ರಿಲ್‌ನಲ್ಲಿ ಎಂಟು ಗಂಟೆ ಬಿಟ್ಟರೆ ಹುಳಿ. 'ಹಿಟ್ಟು ಉಬ್ಬಿ ಎರಡರಷ್ಟಾಗುವವರೆಗೆ, ಚಳಿಯಲ್ಲಿ ಜಾಸ್ತಿ ಹೊತ್ತು' ಅಂತ ಬರೆದವರು ಹಿಟ್ಟನ್ನು ಕಣ್ಣಲ್ಲಿ ನೋಡಿದವರು. ಅಂಥವರ ಪುಸ್ತಕ ಮನೆಗೆ ತರುತ್ತೇನೆ.

ಆ ಪುಡಿಯನ್ನು ಎಸೆದಿಲ್ಲ ತಾನೇ? ಇದ್ದರೆ ಡಬ್ಬಿಯಲ್ಲಿ ಹಾಕಿಡು. ಸ್ವಲ್ಪ ಹಾಲು ಹಾಕಿ ಸಣ್ಣ ಉರಿಯಲ್ಲಿ ಮತ್ತೆ ಕರಗಿಸಿದರೆ ಬರ್ಫಿಯ ಹಾಗೆ ಕೂರುತ್ತದೆ, ಮಗಳಿಗೆ ಅದನ್ನೂ ಕೊಡಬಹುದು. ಭಾನುವಾರ ನಾನೇ ಬರುತ್ತೇನೆ. ನನ್ನ ದಪ್ಪ ತಳದ ಬಾಣಲೆ ತರುತ್ತೇನೆ, ತುಪ್ಪವೂ ನಂದೇ. ಒಂದು ಪಾವು ಕಡಲೆಹಿಟ್ಟು ಜರಡಿ ಹಿಡಿದಿಟ್ಟಿರು. ಕೈಯಾಡಿಸುವುದು ನೀನು, ಮಗಳು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ನೊರೆ ಏಳುವುದನ್ನು ನೋಡಲಿ.

ನಿನ್ನ
ಹಳೇ ರೂಮ್‌ಮೇಟ್